ಗ್ವಾಡಿ ದಾಟದ ವೈಫೈ

ಧಾರವಾಡದ ಹಳೇ ಮನೆ ಕಟ್ಟಿದವರು ಬಿಸಿಲು, ಜಿಟಿಜಿಟಿ ಮಳೆ, ಕಳ್ಳರು ಎಲ್ಲವನ್ನೂ ಲೆಕ್ಕ ಹಾಕಿದ್ದರು, ವೈಫೈ ಒಂದನ್ನು ಬಿಟ್ಟು. ದಪ್ಪ ಮಣ್ಣಿನ ಗ್ವಾಡಿ ಸೆಕೆಯನ್ನೂ ಒಳಗೆ ಬಿಡುವುದಿಲ್ಲ, ಸಿಗ್ನಲ್ಲನ್ನೂ ಬಿಡುವುದಿಲ್ಲ. ಪಡಸಾಲೆಯಿಂದ ಹೊರಟ ವೈಫೈ ಹಿತ್ತಲ ಕೋಣೆ ಮುಟ್ಟುವಷ್ಟರಲ್ಲಿ ಹುಬ್ಬಳ್ಳಿಯಿಂದ ನಡೆದು ಬಂದವರ ಹಾಗೆ ಸುಸ್ತಾಗಿರುತ್ತದೆ.

ಒಂದೇ ಕಂಪ್ಯೂಟರ್ ಇದ್ದಾಗ ತಂಟೆ ಇರಲಿಲ್ಲ. ಈಗ ಮಗಳಿಗೊಂದು, ಅಳಿಯನಿಗೊಂದು, ಮೊಮ್ಮಗನ ಟ್ಯೂಷನ್ನಿಗೊಂದು. ಎಲ್ಲರೂ ರೂಟರ್ ಸುತ್ತಲೇ ಚಾಪೆ ಹಾಸುತ್ತಾರೆ. ಹಬ್ಬಕ್ಕೂ ಒಟ್ಟಿಗೆ ಕೂಡದ ಮನೆಮಂದಿಯನ್ನು ಕೂಡಿಸಿದ ಪುಣ್ಯ ಸಿಗ್ನಲ್ಲಿನದು.

ರೂಟರಿನಲ್ಲಿ ಎರಡು ದಾರಿ. 5 ಗಿಗಾಹರ್ಟ್ಸ್ ಚುರುಕು, ಆದರೆ ಗ್ವಾಡಿ ಕಂಡರೆ ಸೋಲುತ್ತದೆ. 2.4 ನಿಧಾನ, ಆದರೂ ಹೇಗೋ ನುಸುಳುತ್ತದೆ. ತಾಮ್ರದ ನೆಟ್‌ವರ್ಕ್ ಕೇಬಲ್ ಆದರೆ 100 ಮೀಟರ್ ತನಕ ನಿಶ್ಚಿಂತೆ. ರೂಟರಿನ ಹಿಂದಿನ ಕಿಂಡಿಗಳು ಸಾಲದಿದ್ದರೆ ಒಂದು ನೆಟ್‌ವರ್ಕ್ ಸ್ವಿಚ್ ಇಟ್ಟರಾಯಿತು.

ಆದರೆ ಕೇಬಲ್ ಎಳೆಯಲು ತಂದ ಡ್ರಿಲ್ಲಿಂಗ್ ಮಷೀನ್ ಕಂಡರೆ ಅಜ್ಜಿಗೆ ಸಿಟ್ಟು: “ನಿಮ್ಮಜ್ಜ ಕಟ್ಟಿಸಿದ ಗ್ವಾಡಿಗೆ ತೂತ ಹಾಕ್ತಿಯೇನೋ? ಗಾಳ್ಯಾಗ ಬರೂದಕ್ಕ ಹಗ್ಗಾ ಯಾಕ ಕಟ್ತೀರಿ?”

“ಕಟ್ಟಿದ್ರ ಓಡಿ ಹೋಗಂಗಿಲ್ರೀ ಅಜ್ಜಿ!” ಎನ್ನುತ್ತಾನೆ ವೈರ್‌ಮನ್.

ಅವನ ಮಾತು ಖರೆ. ಕುಂತಲ್ಲೇ ಕುಂತ ಕಂಪ್ಯೂಟರಿಗೆ ಕೇಬಲ್, ಮನೆ ತುಂಬ ತಿರುಗುವ ಲ್ಯಾಪ್‌ಟಾಪಿಗೆ ವೈಫೈ. ಆದರ ಪಾಸ್‌ವರ್ಡ್ ಮಾತ್ರ ಕಿಟಕಿ ಹತ್ರ ನಿಂತು ಒದರಬ್ಯಾಡ್ರಿ. ನಮ್ಮ ಹಿತ್ತಲಕ್ಕಿಂತ ಬಾಜೂ ಮನಿಗೇ ಸಿಗ್ನಲ್ ಚಲೋ ಹೋಗತೈತಿ!