ಕೋಟು ಹಾಕಿದ ನಾಯಿಗೆ ಸುಳಿ ಎಲ್ಲಿ?

ನಾಯಿ ಸಾಕೋಣ ಎಂದಾಗ ನನ್ನ ಮನಸ್ಸಿನಲ್ಲಿದ್ದದ್ದು ಯಲಹಂಕ ಉಪನಗರದ ನಮ್ಮ ಬೀದಿಯಲ್ಲೇ ಬಿದ್ದಿರುವ ಕೆಂದ. ಮಗಳ ಮನಸ್ಸಿನಲ್ಲಿದ್ದದ್ದು ಬಾಸ್ಟನ್ ಟೆರಿಯರ್. ಕಪ್ಪು ಕೋಟು, ಬಿಳಿ ಅಂಗಿ, ಬಾಗಿಲಿಗೆ ಗುದ್ದಿಕೊಂಡಂಥ ಚಪ್ಪಟೆ ಮೂತಿ. ಅಮೆರಿಕನ್ ಕೆನಲ್ ಕ್ಲಬ್ ಅದನ್ನು 1893ರಲ್ಲೇ ತಳಿಯೆಂದು ಒಪ್ಪಿದೆ, 1979ರಿಂದ ಅದು ಮ್ಯಾಸಚೂಸೆಟ್ಸ್ ರಾಜ್ಯದ ಅಧಿಕೃತ ನಾಯಿ ಎಂದೆಲ್ಲ ಅವಳು ಓದಿ ಹೇಳಿದಳು. ನಮ್ಮ ಮನೆಯಲ್ಲಿ ಯಾರ ವಂಶಾವಳಿಯೂ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡೆ.

ರಾಜಾನುಕುಂಟೆ ಕಡೆ ಒಬ್ಬ ಬ್ರೀಡರ್ ಇದ್ದಾನೆಂದು ತಿಳಿದು ಹೊರಟೆವು. ಕಣ್ಣು ತೋರಿಸಲೆಂದು ದೊಡ್ಡಬಳ್ಳಾಪುರದಿಂದ ಬಂದಿದ್ದ ನನ್ನ ಮಾವನವರೂ ಹೆಗಲಿಗೆ ಟವೆಲ್ ಹಾಕಿಕೊಂಡು ಕಾರು ಹತ್ತಿದರು. ನಲವತ್ತು ವರ್ಷ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಆರಿಸಿದವರು. ಮಗಳ ಕೈಯಲ್ಲಿ ಎರಡು ಪುಟದ ಪಟ್ಟಿಯಿತ್ತು.

ಆತ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮೂರು ಮರಿ ತಂದು ಟೈಲ್ಸ್ ಮೇಲೆ ಬಿಟ್ಟ. "ಅಪ್ಪ ಚಾಂಪಿಯನ್ ಸಾರ್."

"ಅಪ್ಪನ ಮಾತಿರ್ಲಿ ಕಣಪ್ಪ, ತಾಯಿ ಎಲ್ಲಿ?"

"ಫಾರ್ಮ್‌ನಲ್ಲಿದೆ ಅಂಕಲ್."

"ಮತ್ತೆ ಇವಕ್ಕೆ ಹಾಲು?"

ಆತ ಫೋನ್ ನೋಡಿಕೊಂಡ. ಮಗಳು ಪಟ್ಟಿ ನೋಡಿಕೊಂಡಳು. ತಾಯಿಯನ್ನು ನೋಡದೆ ಮರಿ ತರಬಾರದು ಎನ್ನುವುದು ಅದರಲ್ಲಿ ಮೊದಲನೆಯದು. ಎಷ್ಟು ದಿನದ ಮರಿ ಎಂದರೆ ಮೂವತ್ತೆಂಟಂತೆ. 2017ರ ಕೇಂದ್ರದ ನಿಯಮದಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯನ್ನೂ ಮಾಡಿಸಿರಬೇಕು. ನೋಂದಣಿ ಎಂದೊಡನೆ ಆತ ಕಾಫಿ ತರಲು ಒಳಗೆ ಹೋದ.

ಮಾವನವರು ನೆಲದ ಮೇಲೆ ಕೂತು ಟವೆಲ್ಲಿನ ತುದಿ ಆಡಿಸಿ ಒಂದು ಮರಿಯನ್ನು ಓಡಿಸಿದರು. ಎರಡೇ ಸುತ್ತಿಗೆ ಅದು ಕುಕ್ಕರಿಸಿ ಗೊರಗೊರ ಸದ್ದು ಮಾಡತೊಡಗಿತು. ಮೂಗಿನ ಹೊಳ್ಳೆಗಳು ಬ್ಲೇಡಿನಲ್ಲಿ ಗೀರಿದ ಗೆರೆಯಷ್ಟೇ ಇದ್ದವು. "ಎಲ್ಲಾ ಹಿಂಗೇ ಅಂಕಲ್, ಕ್ಯೂಟ್ ಸೌಂಡು," ಎಂದ ಕಾಫಿ ತಂದವನು. "ನಮ್ಮೂರಲ್ಲಿ ಈ ಸದ್ದು ಮಾಡೋದು ಕಮ್ಮಾರನ ತಿದಿ," ಎಂದರು ಮಾವ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ತೇಕಿ. ಹೊಳ್ಳೆಯೇ ಇಷ್ಟು ಕಿರಿದಾದರೆ ಏಪ್ರಿಲ್ ತಿಂಗಳಿನಲ್ಲಿ ನಾವು ಮೂವರೂ ಸರದಿಯ ಮೇಲೆ ಅದಕ್ಕೆ ಗಾಳಿ ಬೀಸುತ್ತಿರಬೇಕಾಗುತ್ತಿತ್ತು.

ಮಗಳಿಗೆ ಹಿಡಿಸಿದ್ದು ತಲೆಯೆಲ್ಲ ಬಿಳಿಯಾಗಿ ಒಂದು ಕಣ್ಣು ನೀಲಿಯಿದ್ದ ಮರಿ. ಮಾವ ಕಾಫಿ ಲೋಟವನ್ನು ಅದರ ಹಿಂದೆ ಟಣ್ಣೆಂದು ಕುಟ್ಟಿದರು. ಉಳಿದೆರಡು ಬೆಚ್ಚಿದವು, ಇದು ನನ್ನ ಚಪ್ಪಲಿಯ ಪಟ್ಟಿ ಕಡಿಯುತ್ತಲೇ ಇತ್ತು. ಬಿಳಿ ಹೆಚ್ಚಾದ ಮರಿಗಳಲ್ಲಿ ಕಿವುಡು ಹೆಚ್ಚು ಎಂಬುದು ಪಟ್ಟಿಯ ಎರಡನೇ ಪುಟದಲ್ಲಿತ್ತು. ಮಗಳು ಸುಮ್ಮನೆ ಅದರ ಕಿವಿ ಸವರಿದಳು.

ಆಮೇಲೆ ಮಾವ ಸುಳಿ ಹುಡುಕಿದರು. ಎದೆಯ ಮೇಲೊಂದು ಸಿಕ್ಕಿತು. ಒಳ್ಳೆಯದೋ ಕೆಟ್ಟದ್ದೋ ಹೇಳಲಿಲ್ಲ.

ಬೆಲೆ ಕೇಳದೆ ಏಳುವುದು ಜಾತ್ರೆಯ ಮರ್ಯಾದೆಯಲ್ಲ. ಟವೆಲ್ ಹರವಿ ಅದರ ಕೆಳಗೆ ಕೈ ಚಾಚಿ, ಬ್ರೀಡರನ ಎರಡು ಬೆರಳು ಹಿಡಿದು ಒತ್ತಿದರು. ಆತ ಗಾಬರಿಯಿಂದ ನನ್ನನ್ನು ನೋಡಿ, ಇಡೀ ಕೈ ಕುಲುಕಿ, "ನೈಸ್ ಮೀಟಿಂಗ್ ಯೂ ಅಂಕಲ್," ಎಂದ.

ಎರಡನೆಯ ಮನೆ ವಿದ್ಯಾರಣ್ಯಪುರದಲ್ಲಿ. ಅಲ್ಲಿ ತಾಯಿನಾಯಿಯೇ ಬಾಗಿಲಿಗೆ ಬಂದು ಟವೆಲ್ ಮೂಸಿತು. ಮರಿಗಳ ತಲೆ ದಪ್ಪವಾದ್ದರಿಂದ ಸಿಸೇರಿಯನ್ ಆಗಿತ್ತಂತೆ. ಮಾವ ಅದನ್ನು ಕೇಳಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮನೆಯಾಕೆ ನೋಂದಣಿ ಪತ್ರ, ತಾಯಿಯ ಕಣ್ಣು, ಮಂಡಿ ತಪಾಸಣೆಯ ಕಾಗದಗಳನ್ನು ಕೇಳುವ ಮೊದಲೇ ಮುಂದಿಟ್ಟು, ನಮ್ಮ ತಪಾಸಣೆಗೆ ಕೂತರು. ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತೀರಿ? ಫ್ಯಾನಿದೆಯಾ? ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಿಮ್ಮಲ್ಲಿಂದ ಎಷ್ಟು ದೂರ? ನನ್ನ ಮದುವೆ ಮಾತುಕತೆಯಲ್ಲಿ ಮಾವನವರೂ ಇಷ್ಟು ಕೇಳಿರಲಿಲ್ಲ. "ಎಂಟು ವಾರ ತುಂಬಲಿ, ಯೋಚನೆ ಮಾಡಿ ಹೇಳ್ತೀನಿ," ಎಂದು ಕಳಿಸಿದರು.

ಫೋನ್ ಇನ್ನೂ ಬಂದಿಲ್ಲ. ಮಾವ ಊರಿಗೆ ಹೋಗುವುದನ್ನು ಮುಂದಕ್ಕೆ ಹಾಕಿದ್ದಾರೆ. ಇವತ್ತು ಬೆಳಿಗ್ಗೆ ಗೇಟಿನ ಬಳಿ ಬಿಸ್ಕತ್ತು ಹಿಡಿದು, ಕೆಂದನ ದವಡೆ ಎತ್ತಿ ನೋಡುತ್ತಿದ್ದರು.

"ಹೊಳ್ಳೆ ನೋಡಿ ಅಳಿಯಂದ್ರೆ, ಹೆಬ್ಬೆರಳು ತೂರುತ್ತೆ."