ಎರಡನೇ ಸುತ್ತಿನ ಮೀಮಾಂಸೆ

ಶಾಸ್ತ್ರ ಬರೆಯಹೊರಟವನು ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರೂಪಿಸಬೇಕೆಂಬುದು ಪೂರ್ವಸೂರಿಗಳು ಹಾಕಿಕೊಟ್ಟ ಪದ್ಧತಿ. ನಾವೂ ಅದನ್ನು ಮೀರುವುದಿಲ್ಲ. ವಿಷಯವೆಂದರೆ, ತೈಲಬಾವಿಗಳಿಗೆ ಸೇವೆ ಒದಗಿಸುವ ಕಂಪನಿಗಳು ಫೀಲ್ಡ್ ಎಂಜಿನಿಯರುಗಳನ್ನು ಆರಿಸಲು ನಡೆಸುವ ಎರಡನೇ ಸುತ್ತಿನ ಸಂದರ್ಶನ. ಪ್ರಯೋಜನ, ಸಂಬಳ. ಸಂಬಂಧಗಳು ಸಂಬಳ ಬಂದ ಮೇಲೆ ತಾವಾಗಿಯೇ ಬರುತ್ತವೆ. ಹುಡುಗ ವರ್ಷದ ಅರ್ಧ ಭಾಗ ಸಮುದ್ರದ ನಡುವೆ ಇರುತ್ತಾನೆಂದು ತಿಳಿದೊಡನೆ ಬಂದ ದಾರಿಯಲ್ಲೇ ಹಿಂದಿರುಗುತ್ತವೆ. ಇನ್ನು ಅಧಿಕಾರಿ. ಮೊದಲ ಸುತ್ತನ್ನು ದಾಟಿ, ಹೇಗೆ ದಾಟಿದೆನೆಂದು ತನಗೇ ತಿಳಿಯದೆ, ಸುರತ್ಕಲ್ಲಿನ ಹಾಸ್ಟೆಲಿನಲ್ಲಿ ಕೋಣೆಯಿಂದ ಕೋಣೆಗೆ ಇಸ್ತ್ರಿಪೆಟ್ಟಿಗೆ ಕೇಳಿಕೊಂಡು ತಿರುಗುತ್ತಿರುವ ಮೆಕ್ಯಾನಿಕಲ್ ವಿದ್ಯಾರ್ಥಿಯೇ ಈ ಶಾಸ್ತ್ರಕ್ಕೆ ಅಧಿಕಾರಿ.

ಮೊದಲ ಸುತ್ತು ಶಾಸ್ತ್ರಚರ್ಚೆಗೆ ತಕ್ಕದ್ದಲ್ಲ. ಅಲ್ಲಿ ಸಿಜಿಪಿಎ ಕೇಳುತ್ತಾರೆ, ಸ್ಲೈಡು ತೋರಿಸುತ್ತಾರೆ, ಸ್ಲೈಡಿನಲ್ಲಿ ಸೂರ್ಯಾಸ್ತದ ಮುಂದೆ ರಿಗ್ ನಿಂತಿರುತ್ತದೆ. ರಿಗ್ಗಿನ ಮೇಲೆ ಮಧ್ಯಾಹ್ನವೂ ಆಗುತ್ತದೆ ಎಂಬ ವಿಚಾರ ಹೊರಬೀಳುವುದು ಎರಡನೇ ಸುತ್ತಿನಲ್ಲಿ.

ಪ್ರಮಾಣಗಳ ವಿಚಾರಕ್ಕೆ ಬಂದರೆ, ನಮ್ಮವರಿಗೆ ಪ್ರತ್ಯಕ್ಷಕ್ಕೆ ಅವಕಾಶವಿಲ್ಲ, ಸುತ್ತಮುತ್ತ ತೈಲಬಾವಿಯೇ ಇಲ್ಲ. ಹತ್ತಿರದ ಪಾದೂರಿನ ಬಂಡೆಯೊಳಗೆ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳನ್ನು ಕೊರೆದಿದ್ದಾರೆ ನಿಜ. ಅದು ಬೇರೆ ಕಡೆಯಿಂದ ತಂದು ತುಂಬಿಡುವ ಉಗ್ರಾಣ, ಬಾವಿಯಲ್ಲ. ಅನುಮಾನ ಬೇಕಾದಷ್ಟಿದೆ. ಉಳಿದದ್ದು ಶಬ್ದಪ್ರಮಾಣ, ಅಂದರೆ ಹೋದ ವರ್ಷ ಆಯ್ಕೆಯಾದ ಸೀನಿಯರ್ ರಾಜಸ್ಥಾನದ ಬಾರ್ಮೇರಿನಿಂದ ಕಳಿಸಿದ ವಾಟ್ಸಾಪ್ ವಾಯ್ಸ್ ನೋಟ್. ಹಿಂದೆ ಜನರೇಟರ್ ಸದ್ದು ಇರುವುದರಿಂದ ಪಾಠಾಂತರಗಳು ಹೆಚ್ಚು. ‘ಜಾಸ್ತಿ ಮಾತಾಡು’ ಎಂದು ಒಂದು ಪಂಥ ಕೇಳಿಸಿಕೊಂಡರೆ ‘ಜಾಸ್ತಿ ಮಾತಾಡ್ಬೇಡ’ ಎಂದು ಇನ್ನೊಂದು. ಎರಡೂ ಪಂಥಗಳಿಂದ ಆಯ್ಕೆಯಾದವರಿದ್ದಾರೆ.

ಈಗ ಪೂರ್ವಪಕ್ಷ. ಎರಡನೇ ಸುತ್ತೆಂದರೆ ಜ್ಞಾನಪರೀಕ್ಷೆ ಎನ್ನುತ್ತಾರೆ ಕಂಠಪಾಠಿಗಳು. ಇವರು ರಾತ್ರಿಯೆಲ್ಲ ಕೂತು ಇಸವಿಗಳನ್ನು ಉರುಹೊಡೆಯುತ್ತಾರೆ. 1859, ಪೆನ್ಸಿಲ್ವೇನಿಯಾದ ಟೈಟಸ್‌ವಿಲ್, ಡ್ರೇಕನ ಬಾವಿ, ಆಳ 69 ಅಡಿ ಚಿಲ್ಲರೆ. 1909, ಹಿರಿಯ ಹೋವರ್ಡ್ ಹ್ಯೂಸ್, ಎರಡು ಕೋನಿನ ಡ್ರಿಲ್ ಬಿಟ್ಟಿಗೆ ಪೇಟೆಂಟು. 1919, ಅರ್ಲ್ ಹ್ಯಾಲಿಬರ್ಟನ್, ಬಾವಿಗೆ ಸಿಮೆಂಟ್ ಹಾಕುವ ಕಸುಬು. 1974, ಸಾಗರ ಸಮ್ರಾಟ್, ಬಾಂಬೆ ಹೈ. ಇವುಗಳಲ್ಲಿ ಒಂದನ್ನೂ ಸಂದರ್ಶಕರು ಕೇಳುವುದಿಲ್ಲ. ಕೇಳಿದರೆ ತಮಗೂ ಉತ್ತರ ಗೊತ್ತಿರಬೇಕಾಗುತ್ತದೆ ಎಂಬುದೊಂದು ಕಾರಣ.

ಹೀಗಿದ್ದೂ ಒಂದು ಇಸವಿಯನ್ನು ನಾವು ಕಂಠಪಾಠಿಗಳಿಂದ ಕಡ ತರುತ್ತೇವೆ. 1927ರ ಸೆಪ್ಟೆಂಬರ್ 5ರಂದು ಫ್ರಾನ್ಸಿನ ಅಲ್ಸೇಸ್ ಸೀಮೆಯ ಪೆಶೆಲ್‌ಬ್ರಾನಿನಲ್ಲಿ ಹೆನ್ರಿ ಡಾಲ್ ಮತ್ತವನ ಜೊತೆಗಾರರು ಬಾವಿಯೊಳಕ್ಕೆ ಎಲೆಕ್ಟ್ರೋಡುಗಳನ್ನು ಇಳಿಬಿಟ್ಟು ಕಲ್ಲಿನ ವಿದ್ಯುತ್ ರೋಧವನ್ನು ಅಳೆದರು. ಒಂದು ಮೀಟರ್ ಸರಿಸು, ನಿಲ್ಲಿಸು, ಅಳೆ, ಬರೆದುಕೋ. ಮತ್ತೆ ಒಂದು ಮೀಟರ್. ಬಾವಿಯ ಮೊದಲ ವಿದ್ಯುತ್ ಲಾಗ್ ಹುಟ್ಟಿದ್ದು ಹೀಗೆ, ಕೈಯಲ್ಲಿ ಗೀಚಿದ ನಕ್ಷೆಯಾಗಿ. ಡಾಲ್ ಮಹಾಶಯ ಕಂಪನಿಯ ಯಜಮಾನ ಕಾನ್ರಾಡ್ ಶ್ಲುಂಬರ್ಜೆಯ ಅಳಿಯ. ಅವನಿಗೆ ಎರಡನೇ ಸುತ್ತಿನ ಸಂದರ್ಶನ ಮಾಡಿದ ದಾಖಲೆ ನಮಗಂತೂ ಸಿಕ್ಕಿಲ್ಲ. ಭೌತವಿಜ್ಞಾನದ ಪುಸ್ತಕಗಳು ಈ ಪ್ರಸಂಗದಲ್ಲಿ ರೋಧವನ್ನು ನೋಡುತ್ತವೆ. ನಾವು ನೋಡುವುದು, ಅಳೆದು ಮುಗಿಯುವ ತನಕ ಅವರು ಎದ್ದುಹೋಗಲಿಲ್ಲ ಎಂಬುದನ್ನು.

ಇದರಿಂದ ಸಿದ್ಧಾಂತ ಹೊರಡುತ್ತದೆ. ಎರಡನೇ ಸುತ್ತಿನಲ್ಲಿ ಕೇಳುವ ಪ್ರಶ್ನೆ ಒಂದೇ: ‘ಬಿಟ್ಟು ಓಡಿಹೋಗ್ತೀಯಾ?’ ಮಿಕ್ಕಿದ್ದೆಲ್ಲ ಇದೇ ಪ್ರಶ್ನೆ ಹಾಕಿಕೊಂಡ ವೇಷ.

ಮೊದಲ ವೇಷ ಲೆಕ್ಕದ್ದು. ಸಂದರ್ಶಕರು ಹಾಳೆಯ ಮೇಲೆ ನೆಟ್ಟಗಿಳಿದು ಆಮೇಲೆ ಓರೆಗೆ ಹೊರಳುವ ಬಾವಿಯೊಂದನ್ನು ಗೀಚುತ್ತಾರೆ. ಪೈಪಿನ ಗುಂಟ ಅಳೆದರೆ 12,000 ಅಡಿ, ನೆಟ್ಟಗಿನ ಆಳ 10,000 ಅಡಿ, ಕೊರೆಯುವಾಗ ಬಾವಿಗೆ ಪಂಪು ಮಾಡುವ ಕೆಸರಿನ, ಅಂದರೆ ಮಡ್ಡಿನ, ತೂಕ ಗ್ಯಾಲನ್ನಿಗೆ 10 ಪೌಂಡು. ತಳದಲ್ಲಿ ಒತ್ತಡ ಎಷ್ಟು? 0.052ನ್ನು ತೂಕದಿಂದಲೂ ಆಳದಿಂದಲೂ ಗುಣಿಸಬೇಕೆಂಬ ಸೂತ್ರ ಎಲ್ಲರಿಗೂ ಬಾಯಿಗೆ ಬರುತ್ತದೆ. ಆತುರಗಾರ 12,000ಕ್ಕೆ ಗುಣಿಸಿ 6,240 ಪಿಎಸ್‌ಐ ಎನ್ನುತ್ತಾನೆ. ಟ್ಯಾಂಕಿಯಿಂದ ಇಳಿದ ಪೈಪು ಮನೆಯೆಲ್ಲ ಸುತ್ತಿಬಂದರೂ ಮುಚ್ಚಿದ ನಲ್ಲಿಯ ಮೇಲಿನ ಒತ್ತಡ ಟ್ಯಾಂಕಿಯ ಎತ್ತರದ್ದೇ ಎಂದು ಹೊಳೆದವನು 5,200 ಎನ್ನುತ್ತಾನೆ. ಪ್ರಶ್ನೆ ಮುಗಿಯಿತೆಂದು ಇಬ್ಬರೂ ಉಸಿರುಬಿಡುತ್ತಾರೆ. ಪ್ರಶ್ನೆ ಶುರುವಾಗುವುದೇ ಆಗ. ಸಂದರ್ಶಕರು ಕನ್ನಡಕ ಮೂಗಿನ ತುದಿಗೆ ಇಳಿಸಿ, ‘ಆರ್ ಯೂ ಶೂರ್?’ ಎನ್ನುತ್ತಾರೆ. 6,240 ಎಂದವನು 5,200ಕ್ಕೆ ಓಡುತ್ತಾನೆ, 5,200 ಎಂದವನು 6,240ಕ್ಕೆ. ಎರಡೂ ಓಟವೇ, ಒಬ್ಬನ ಓಟ ಸರಿಯುತ್ತರದಲ್ಲಿ ಮುಗಿದದ್ದು ಕಾಕತಾಳೀಯ. ಕೂತಲ್ಲೇ ಕೂತು, ಹಾಳೆ ಎಳೆದುಕೊಂಡು, ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿದವನ ಹೆಸರಿನ ಮುಂದೆ ಒಂದು ಟಿಕ್ ಬೀಳುತ್ತದೆ.

‘ಗೊತ್ತಿಲ್ಲ’ ಎಂಬ ಉತ್ತರದ ಪ್ರಭೇದಗಳನ್ನೂ ಇಲ್ಲಿ ಹೇಳಿಬಿಡಬೇಕು. ನೆಲ ನೋಡುತ್ತ ಹೇಳುವುದು ದೀನ. ‘ಅದು ನಮ್ಮ ಸಿಲಬಸ್ಸಿನಲ್ಲಿಲ್ಲ’ ಎಂಬುದು ಉದ್ಧತ. ‘ಗೊತ್ತಿಲ್ಲ ಸರ್, ಆದರೆ ಹೀಗಿರಬಹುದೇನೋ’ ಎಂದು ಶುರುಮಾಡಿ ನಿಲ್ಲಿಸಲಾಗದೆ ಬರ್ನೂಲಿಯ ಮನೆಬಾಗಿಲಿನವರೆಗೆ ಹೋಗುವುದು ಪ್ರಲಾಪ. ‘ಗೊತ್ತಿಲ್ಲ ಸರ್’ ಎಂದು ಪೂರ್ಣವಿರಾಮ ಹಾಕುವುದು ಉತ್ತಮ, ಮತ್ತು ಅತಿ ದುರ್ಲಭ.

ಒಂದು ಪ್ರಶ್ನೆಯಲ್ಲಿ ಮಾತ್ರ ಅಣಕಕ್ಕೆ ಎಡೆಯಿಲ್ಲ. ಬಾವಿಗೆ ಪಂಪು ಮಾಡಿದ್ದಕ್ಕಿಂತ ಹೆಚ್ಚು ಮಡ್ಡು ವಾಪಸು ಬರುತ್ತಿದೆ, ಏನು ಮಾಡುತ್ತೀ? ಕೆಳಗಿನ ಪದರದಿಂದ ಗ್ಯಾಸೋ ಎಣ್ಣೆಯೋ ನೀರೋ ಬಾವಿಯೊಳಕ್ಕೆ ನುಗ್ಗುತ್ತಿದೆ ಎಂದರ್ಥ. ಹುಡುಗರು ಯಾರಿಗೆ ಫೋನು ಮಾಡಬೇಕೆಂದು ಪಟ್ಟಿ ಕೊಡುತ್ತಾರೆ. ಬೇಕಾದ ಉತ್ತರ ಚಿಕ್ಕದು: ಮೊದಲು ಬಾವಿ ಮುಚ್ಚು, ಆಮೇಲೆ ಹೇಳು. 2010ರ ಏಪ್ರಿಲ್ 20ರ ರಾತ್ರಿ ಮೆಕ್ಸಿಕೊ ಕೊಲ್ಲಿಯ ಮಕಾಂಡೊ ಬಾವಿ ಈ ಸೂಚನೆಗಳನ್ನು ಕೊಟ್ಟಿತ್ತು. ಅವನ್ನು ಓದಿಕೊಳ್ಳುವಷ್ಟರಲ್ಲಿ ಹೊತ್ತು ಮೀರಿತು, 11 ಮಂದಿ ಸತ್ತರು. ಓಡಿಹೋಗದಿರುವುದಕ್ಕೂ ಸುಮ್ಮನೆ ನಿಂತಿರುವುದಕ್ಕೂ ಇರುವ ವ್ಯತ್ಯಾಸವನ್ನು ಹಳೆಯ ಸಂದರ್ಶಕರು ಈ ಪ್ರಶ್ನೆಯಲ್ಲೇ ಅಳೆಯುತ್ತಾರೆ.

ಮುಂದಿನದು ಮೆಟ್ಟಿಲು ಪ್ರಕರಣ. ಅಭ್ಯರ್ಥಿ ಸಂದರ್ಶನ ನಡೆಯುವ ಮುಂಬಯಿಯ ಹೋಟೆಲಿನಲ್ಲಿ ಟೈ ಸರಿಪಡಿಸಿಕೊಳ್ಳುತ್ತ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮುಚ್ಚಳವಿಲ್ಲದ ಕಾಫಿ ಹಿಡಿದು ಮೆಟ್ಟಿಲಿಳಿಯುತ್ತಾನೆ. ಅವನ ಸಂದರ್ಶನ ಅರ್ಧ ಮುಗಿದಿದೆ ಎಂಬುದು ಅವನಿಗೆ ತಿಳಿದಿಲ್ಲ. ತೈಲದ ಜನ ಮೆಟ್ಟಿಲಿನ ಹ್ಯಾಂಡ್‌ರೇಲ್ ಹಿಡಿಯದೆ ಇಳಿಯುವುದಿಲ್ಲ, ಕಾರನ್ನು ಹಿಮ್ಮುಖವಾಗಿ ನಿಲ್ಲಿಸದೆ ಇಳಿಯುವುದಿಲ್ಲ, ಸೇಫ್ಟಿಯ ನಾಲ್ಕು ಮಾತಿಲ್ಲದೆ ಮೀಟಿಂಗ್ ಶುರುಮಾಡುವುದಿಲ್ಲ. ಸಂಧ್ಯಾವಂದನೆ ಬಿಟ್ಟ ಮನೆಗಳ ಮಕ್ಕಳೂ ಈ ಆಚಾರದಲ್ಲಿ ಸೇರಿದ ಆರು ತಿಂಗಳಿಗೆ ಮಡಿವಂತರಾಗುತ್ತಾರೆ. ಊರಿಗೆ ಬಂದಾಗ ಅಜ್ಜಿಗೂ ಅಟ್ಟದ ಏಣಿಯ ವಿಷಯದಲ್ಲಿ ಪಾಠ ಮಾಡಿ ಬೈಸಿಕೊಳ್ಳುತ್ತಾರೆ.

ಗುಂಪುಚಟುವಟಿಕೆಯಲ್ಲಿ ಸ್ಟ್ರಾ ಮತ್ತು ಟೇಪು ಕೊಟ್ಟು ಗೋಪುರ ಕಟ್ಟಲು ಹೇಳುತ್ತಾರೆ. ನಾಯಕರ ನಾಲ್ಕು ಬಗೆಗಳನ್ನು ಅಲಂಕಾರಶಾಸ್ತ್ರ ಮೊದಲೇ ಹೇಳಿಟ್ಟಿದೆ, ನಾವು ಹೊಸದಾಗಿ ಸೇರಿಸುವುದೇನಿಲ್ಲ. ಕತ್ತರಿಯನ್ನು ಕಸಿದುಕೊಂಡವನು ಧೀರೋದ್ಧತ. ‘ಎಲ್ಲರ ಅಭಿಪ್ರಾಯ ಕೇಳೋಣ’ ಎಂದು ಯೂಟ್ಯೂಬಿನಲ್ಲಿ ಕಲಿತದ್ದನ್ನು ಒಪ್ಪಿಸುವವನು ಧೀರೋದಾತ್ತ. ನಗಿಸುವವನು ಧೀರಲಲಿತ. ಗೋಪುರ ಕೊನೆಯ ನಿಮಿಷದಲ್ಲಿ ಮಗುಚುತ್ತದೆ. ಮಗುಚಲೆಂದೇ ಅಷ್ಟು ಕಡಿಮೆ ಟೇಪು ಕೊಟ್ಟಿರುತ್ತಾರೆ. ಮೂವರೂ ಒಟ್ಟಿಗೆ ತಲೆಯೆತ್ತಿ ಮೂಲೆಯಲ್ಲಿ ಕೂತ ಪರೀಕ್ಷಕರ ಮುಖ ನೋಡುತ್ತಾರೆ. ಅಷ್ಟರಲ್ಲಿ, ಆವರೆಗೆ ಬಾಯಿಬಿಡದಿದ್ದ ಹುಡುಗಿಯೊಬ್ಬಳು ಬಗ್ಗಿ ಸ್ಟ್ರಾಗಳನ್ನು ಆರಿಸಿಕೊಂಡು ಬುಡದಿಂದ ಮತ್ತೆ ಜೋಡಿಸತೊಡಗಿರುತ್ತಾಳೆ. ಧೀರಶಾಂತೆಗೆ ಆಫರ್ ಲೆಟರ್ ಬಂದಾಗ ಮೂವರೂ ಅದನ್ನು ಲಕ್ ಎನ್ನುತ್ತಾರೆ.

‘ಕಷ್ಟದಲ್ಲಿ ನೀನು ಏನು ಮಾಡಿದೆ’ ಎಂಬ ಪ್ರಶ್ನೆಗೆ ಸನ್ನಿವೇಶ, ಹೊಣೆ, ಕ್ರಿಯೆ, ಫಲ ಎಂದು ನಾಲ್ಕು ಕಾಲಿನ ಉತ್ತರ ವಿಧಿಸಲಾಗಿದೆ. ಪಾಲಿಸುವುದು ಸುಲಭ. ತೊಡಕು ಬೇರೆಯೇ. ಒಂದೇ ಕಾಲೇಜಿನ ಅಭ್ಯರ್ಥಿಗಳೆಲ್ಲ ಒಂದೇ ಫೆಸ್ಟಿನಲ್ಲಿ ಕೆಟ್ಟುನಿಂತ ಒಂದೇ ಮೈಕ್ ಸೆಟ್ಟನ್ನು ಒಬ್ಬೊಬ್ಬರೇ ನಿಂತು ಸರಿಪಡಿಸಿರುತ್ತಾರೆ. ಸಂದರ್ಶಕರಿಗೆ ಸಂಜೆಯ ಹೊತ್ತಿಗೆ ಆ ಮೈಕ್ ಸೆಟ್ಟಿನ ಮೇಲೆ ಮಮಕಾರ ಬಂದಿರುತ್ತದೆ.

ಇನ್ನು ‘ಎಲ್ಲಿಗೆ ಹಾಕಿದರೂ ಹೋಗ್ತೀಯಾ?’ ಬಾರ್ಮೇರಿನ ಮಂಗಳಾ ತೈಲಕ್ಷೇತ್ರ ಎಂದೊಡನೆ ಮಂಗಳೂರಿನ ಹುಡುಗನಿಗೆ ಏನೋ ಆಪ್ತಭಾವ. 2004ರಲ್ಲಿ ಪತ್ತೆಯಾದ ಆ ಕ್ಷೇತ್ರದ ಎಣ್ಣೆ ಮೇಣ ತುಂಬಿದ್ದು, ಬಿಟ್ಟರೆ ಹೆಪ್ಪುಗಟ್ಟುತ್ತದೆ. ಪೈಪನ್ನೇ ಬಿಸಿಮಾಡುತ್ತ ಗುಜರಾತಿಗೆ ಸಾಗಿಸುತ್ತಾರೆ. ಎಣ್ಣೆಯೇ ಅಲ್ಲಿಂದ ಹೊರಡಲು ಅಷ್ಟು ಪುಸಲಾಯಿಸಬೇಕಾದರೆ ಎಂಜಿನಿಯರಿಗೆ ರಜೆ ಸಿಗುವುದು ಹೇಗೆಂದು ಅವನು ಯೋಚಿಸುವುದಿಲ್ಲ. ಸಮುದ್ರದ ಕೆಲಸವಾದರೆ ಜುಹುವಿನಿಂದ ಹೆಲಿಕಾಪ್ಟರು. ಹತ್ತುವ ಮುನ್ನ ಈಜುಕೊಳದಲ್ಲಿ ಹೆಲಿಕಾಪ್ಟರಿನ ಡಬ್ಬಿಯೊಳಗೆ ಬೆಲ್ಟು ಬಿಗಿದು, ತಲೆಕೆಳಗಾಗಿ ಮುಳುಗಿಸಿ, ಕಿಟಕಿಯಿಂದ ಹೊರಬರುವ ತರಬೇತಿ. ‘ಹೋಗ್ತೇನೆ ಸರ್’ ಎನ್ನಬೇಕು. ನಿಜವಾದ ಎರಡನೇ ಸುತ್ತು ಮನೆಯಲ್ಲಿರುತ್ತದೆ.

“ಎಂತದು ಮಾರಾಯ, ಇಷ್ಟು ಓದಿ ಪೆಟ್ರೋಲ್ ಬಂಕಿಗೆ ಹೋಗುದಾ?”

“ಬಂಕ್ ಅಲ್ಲ ಮಾವ, ಬಾವಿ.”

“ಬಾವಿ ತೋಡ್ಲಿಕ್ಕೆ ಇಂಜಿನಿಯರ್ ಎಂತಕ್ಕೆ? ಇಲ್ಲೇ ಎಂಆರ್‌ಪಿಎಲ್ ರಿಫೈನರಿ ಉಂಟಲ್ಲ, ಅಲ್ಲಿಗೆ ಹಾಕು.”

ಈ ಸಂದರ್ಶನದಲ್ಲಿ ಉತ್ತೀರ್ಣರಾದವರನ್ನು ನಾವು ಕಂಡಿಲ್ಲ.

ಮುಹೂರ್ತದ ವಿಷಯದಲ್ಲಿ ಪಂಚಾಂಗಕ್ಕಿಂತ ಕಚ್ಚಾತೈಲದ ದರ ನೋಡುವುದು ಲೇಸು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ವಾಯಿದೆ ದರ ಬ್ಯಾರಲ್ಲಿಗೆ ಮೈನಸ್ 37.63 ಡಾಲರಿಗೆ ಇಳಿಯಿತು. ಅಂದರೆ ಎಣ್ಣೆ ಒಯ್ಯುವವನಿಗೆ ಮಾರುವವನೇ ದುಡ್ಡು ಕೊಡಬೇಕು. ಅಂಥ ದಿನಗಳಲ್ಲಿ ಓಡಿಹೋಗುವುದು ಅಭ್ಯರ್ಥಿಯಲ್ಲ, ಕಂಪನಿ. ಈ ಅಪವಾದವನ್ನು ಸಿದ್ಧಾಂತದೊಳಗೆ ಹೊಂದಿಸಲು ನಾವು ಬಹಳ ಹೆಣಗಿದೆವು, ಆಗಲಿಲ್ಲ.

ಕಡೆಗೆ ಸಂದರ್ಶಕರು ‘ನಮ್ಮನ್ನೇನಾದರೂ ಕೇಳೋದಿದೆಯಾ?’ ಎನ್ನುತ್ತಾರೆ. ಕಂಠಪಾಠಿಗಳು ಕಂಪನಿಯ ಮುಂದಿನ ಹತ್ತು ವರ್ಷದ ದೃಷ್ಟಿ ಏನೆಂದು ಕೇಳಿ, ಕಂಪನಿಯ ಕ್ಯಾಲೆಂಡರಿನಲ್ಲಿ ಅಚ್ಚಾದ ವಾಕ್ಯವನ್ನೇ ಉತ್ತರವಾಗಿ ಪಡೆಯುತ್ತಾರೆ. ಒಬ್ಬ ಹುಡುಗ ಮಾತ್ರ, ‘ಸರ್, ನೀವು ಯಾಕೆ ಬಿಟ್ಟು ಹೋಗಲಿಲ್ಲ?’ ಎಂದು ಕೇಳಿದ್ದನಂತೆ. ಮೂವರು ಸಂದರ್ಶಕರಲ್ಲಿ ಒಬ್ಬರು ಮನೆಸಾಲ ಎಂದರು. ಇನ್ನೊಬ್ಬರು, ಎರಡು ಸಲ ಬಿಟ್ಟುಹೋಗಿ ವಾಪಸು ಬಂದೆ ಎಂದರು. ಎಚ್‌ಆರ್ ಮೇಡಂ ಏನೂ ಹೇಳದೆ ಪ್ರಶ್ನೆಯನ್ನು ಬರೆದುಕೊಂಡು, ಮಧ್ಯಾಹ್ನದ ಬ್ಯಾಚಿಗೆ ಸ್ಟ್ರಾ, ಟೇಪು, ಲೆಕ್ಕ ಎಲ್ಲ ಬಿಟ್ಟು ‘ನೀನು ಯಾಕೆ ಬಿಟ್ಟು ಹೋಗೋದಿಲ್ಲ?’ ಎಂದು ನೇರವಾಗಿ ಅದನ್ನೇ ಕೇಳಿದರಂತೆ. ಆ ಬ್ಯಾಚಿನಲ್ಲಿ ಎಷ್ಟು ಮಂದಿ ಆಯ್ಕೆಯಾದರೆಂಬ ಬಗ್ಗೆ ಪಂಥಗಳಲ್ಲಿ ಭಿನ್ನಾಭಿಪ್ರಾಯವಿದೆ.