ನನ್ನೊಳಗಿನ ಕ್ಯಾಪ್ಟನ್ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕ್ಯಾಪ್ಟನ್ ಸಾಹೇಬರೇ,

ತಮ್ಮ ಖಾಯಂ ವಿಳಾಸ ಗೊತ್ತಿಲ್ಲದ ಕಾರಣ ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಯಿತು. ನನ್ನ ತಲೆಯೊಳಗೆ ಎಲ್ಲೋ ಬಿಡಾರ ಹೂಡಿದ್ದೀರಿ ಎಂಬುದಷ್ಟೇ ಖಚಿತ. ಬಾಡಿಗೆ ಕೊಡುವುದಿಲ್ಲ, ಇಖಾಮಾ ಎಂಬ ವಾಸದ ಪರವಾನಗಿ ಇಲ್ಲ, ಸಿವಿಲ್ ಐಡಿ ಇಲ್ಲ. ಆದರೂ ನಾನು ಟ್ರೆಡ್‌ಮಿಲ್ ಹತ್ತಿದ ಕೂಡಲೇ ಹಾಜರಾಗುತ್ತೀರಿ. ಕುವೈತಿನ ಜಿಮ್ಮುಗಳಲ್ಲಿ ಅರಬ್ಬಿ ಮಾತಾಡುವವರು ತರಬೇತುದಾರನನ್ನು ‘ಕ್ಯಾಪ್ಟನ್’ ಎಂದು ಕರೆಯುವುದು ರೂಢಿ. ಅದೇ ಪದವಿಯನ್ನು ತಮಗೂ ಕೊಟ್ಟಿದ್ದೇನೆ. ಸಂಬಳ ಮಾತ್ರ ಕೇಳಬೇಡಿ.

ಸಾಲ್ಮಿಯಾದ ನಮ್ಮ ಕಟ್ಟಡದಲ್ಲಿ ಜಿಮ್ ಎಂಬ ಹೆಸರಿನ ಒಂದು ಕೋಣೆ ಇದೆ. ಇರುವ ಎರಡು ಟ್ರೆಡ್‌ಮಿಲ್ಲುಗಳಲ್ಲಿ ಒಂದು ಟವೆಲು ಒಣಹಾಕುವುದಕ್ಕಷ್ಟೇ ಉಪಯೋಗ; ಇನ್ನೊಂದರ ಪಟ್ಟಿ ಎಡಕ್ಕೆ ಸರಿಯುತ್ತ ಕಿರ್ ಅನ್ನುತ್ತದೆ. ಎ.ಸಿ. ನೀರು ತೊಟ್ಟಿಕ್ಕುವ ಜಾಗದಲ್ಲಿ ಕಟ್ಟಡ ಕಾಯುವ ಹಾರಿಸ್ ಮೊಸರಿನ ಖಾಲಿ ಡಬ್ಬಿಯೊಂದನ್ನು ಇಟ್ಟಿದ್ದಾನೆ. ಆಫೀಸು ಮುಗಿಸಿ ಬಂದು ಈ ರಂಗದ ಮೇಲೆ ಓಡಲು ಶುರು ಮಾಡಿ, ಉಸಿರು ಗಂಟಲಿಗೆ ಬರುವ ಹೊತ್ತಿಗೆ ತಾವು ಬಾಯಿ ತೆರೆಯುತ್ತೀರಿ: ‘ನಿನ್ನಿಂದ ಆಗುತ್ತೆ! ಇನ್ನೊಂದೇ ನಿಮಿಷ!’ ಆ ಒಂದು ನಿಮಿಷ ಮುಗಿದ ಮೇಲೆ ಮತ್ತೊಂದೇ ನಿಮಿಷ. ತಮ್ಮ ಲೆಕ್ಕದಲ್ಲಿ ಒಂದಾದ ಮೇಲೆ ಎರಡು ಬರುವುದೇ ಇಲ್ಲ.

ತಮ್ಮ ನಿಷ್ಪಕ್ಷಪಾತತೆಯನ್ನೂ ಮೆಚ್ಚಲೇಬೇಕು. ಶುಕ್ರವಾರ ಮಧ್ಯಾಹ್ನ ಅಬ್ಬಾಸಿಯಾದ ಹೋಟೆಲಿನಲ್ಲಿ ಎರಡನೇ ತಟ್ಟೆ ಬಿರಿಯಾನಿಯ ಎದುರು ನಾನು ಹಿಂದೆಮುಂದೆ ನೋಡುತ್ತಿದ್ದಾಗಲೂ ತಾವು ಹೇಳಿದ್ದು ಇದನ್ನೇ: ನಿನ್ನಿಂದ ಆಗುತ್ತೆ. ಆಯಿತು ಕೂಡ.

ತಮ್ಮನ್ನು ಬರೀ ಬಡಾಯಿಗಾರ ಎಂದು ತಳ್ಳಿಹಾಕುವಂತಿಲ್ಲ ಎಂಬುದೇ ನನ್ನ ಕಷ್ಟ. ಬ್ರಿಟನ್ನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 24 ಮಂದಿಯನ್ನು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಕೂರಿಸಿ, ಕೈಲಾಗುವುದಿಲ್ಲ ಎನ್ನುವವರೆಗೆ ತುಳಿಸಿದರು. ಬಳಿಕ ಅರ್ಧ ಮಂದಿಗೆ ಎರಡು ವಾರ ತಮ್ಮಂಥವರ ಸಹವಾಸ ಮಾಡಿಸಿದರು. ಅಂದರೆ ತಮಗೆ ತಾವೇ ಹುರುಪಿನ ಮಾತು ಹೇಳಿಕೊಳ್ಳುವ ಅಭ್ಯಾಸ. ಮತ್ತೆ ಸೈಕಲ್ ಹತ್ತಿದಾಗ ಅವರು ಮೊದಲಿಗಿಂತ ಶೇಕಡಾ 18ರಷ್ಟು ಹೆಚ್ಚು ಹೊತ್ತು ತುಳಿದರು. ಕಾಲಿನ ಶಕ್ತಿಯೇನೂ ಎರಡು ವಾರದಲ್ಲಿ ಅಷ್ಟು ಏರಿರಲಿಲ್ಲ. ಅದೇ ಶ್ರಮ ಅವರಿಗೆ ಸ್ವಲ್ಪ ಹಗುರವಾಗಿ ಕಂಡಿತ್ತು, ಅಷ್ಟೇ. ತಮ್ಮ ಕಸುಬು ಇದೇ ತಾನೇ? ಭಾರ ಇಳಿಸುವುದಲ್ಲ, ಭಾರ ಎಷ್ಟಿದೆ ಎಂಬ ವರದಿಯನ್ನು ತಿದ್ದುವುದು. ಲೆಕ್ಕಪತ್ರ ವಿಭಾಗದಲ್ಲಿ ಅನ್ನ ತಿನ್ನುವ ನನಗೆ ಈ ವಿದ್ಯೆ ಅಪರಿಚಿತವಲ್ಲ.

ತಾವು ಪದೇ ಪದೇ ಉದಾಹರಿಸುವ ಬಿಗ್ ರಾಮಿಯ ವಿಷಯಕ್ಕೆ ಬರೋಣ. ಮಮ್ದೂಹ್ ಎಲ್ಸ್‌ಬಿಯಾಯ್, ಈಜಿಪ್ಟಿನ ಮೀನುಗಾರ. ಕುವೈತಿಗೆ ಬಂದು, ಇಲ್ಲಿಯ ಆಕ್ಸಿಜನ್ ಜಿಮ್‌ನಲ್ಲಿ ಮೈ ಬೆಳೆಸಿ, 2020 ಮತ್ತು 2021ರಲ್ಲಿ ಮಿಸ್ಟರ್ ಒಲಿಂಪಿಯಾ ಆದವನು. ‘ಅವನಿಂದ ಆಗಿದ್ದು ನಿನ್ನಿಂದ ಯಾಕಾಗದು’ ಎಂಬುದು ತಮ್ಮ ವಾದ. ಅವನಿಗೆ ಸಿಕ್ಕ ಗುರುಗಳು, ಹೊತ್ತುಹೊತ್ತಿನ ಊಟ, ಅಪ್ಪ ಅಮ್ಮ ಕೊಟ್ಟ ಎಲುಬು, ದಿನವಿಡೀ ಅದೊಂದೇ ಕೆಲಸ, ಇವನ್ನೆಲ್ಲ ತಾವು ಜಾಣತನದಿಂದ ಬಿಟ್ಟುಬಿಡುತ್ತೀರಿ. ಮೀನುಗಾರನೇ ಬೇಕೆಂದರೆ ನಮ್ಮ ಮಲ್ಪೆಯಲ್ಲಿ ಏನು ಬರಗಾಲವೇ? ಕೈರಂಪಣಿ ಬಲೆ ಎಳೆಯುವುದನ್ನು ದಡದಲ್ಲಿ ನಿಂತು ನೋಡಿದವರಿಗೆ ಗೊತ್ತು, ಅದಕ್ಕಿಂತ ದೊಡ್ಡ ವ್ಯಾಯಾಮ ಇಲ್ಲ. ಅಲ್ಲಿ ಯಾರೂ ‘ನನ್ನಿಂದ ಆಗುತ್ತೆ’ ಎಂದು ಒಳಗೊಳಗೇ ಗೊಣಗುವುದಿಲ್ಲ. ಒಬ್ಬ ಕೂಗುತ್ತಾನೆ, ಉಳಿದವರು ಐಸಾ ಎಂದು ಜಗ್ಗುತ್ತಾರೆ. ಒಬ್ಬನಿಗೆ ಸುಸ್ತಾದರೆ ಹಗ್ಗ ಇನ್ನೊಬ್ಬನ ಕೈಗೆ. ಪಕ್ಕದವನಿಲ್ಲದ ಕಡೆಯಲ್ಲೇ ತಮ್ಮ ಅಂಗಡಿ ನಡೆಯುವುದು. ಫ್ಲ್ಯಾಟಿಗೆ ಬೀಗ ಹಾಕಿ ಒಂಟಿಯಾಗಿ ಓಡುವ ನಮ್ಮಂಥವರೇ ತಮ್ಮ ಗಿರಾಕಿಗಳು.

ಇದೆಲ್ಲ ಹೊಸ ಶೋಧನೆ ಎಂದು ತಾವು ಬೀಗುತ್ತೀರಲ್ಲ, ಅದೊಂದು ಮಾತ್ರ ನನಗೆ ಸಹಿಸಲಾಗದು. ತನ್ನನ್ನು ತಾನು ಮಾತಾಡಿಸಿಕೊಳ್ಳುವುದರಲ್ಲಿ ಕನ್ನಡಿಗರದು ಹಳೆಯ ಕೈ. ದಾಸರು ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸಿದರು. ಡಿ.ವಿ.ಜಿ. 1943ರಲ್ಲಿ ಹೊರತಂದ ಕಗ್ಗದಲ್ಲಿ ಪದ್ಯಪದ್ಯಕ್ಕೂ ಕರೆಯುವುದು ಮಂಕುತಿಮ್ಮನನ್ನು. 900ಕ್ಕೂ ಮಿಕ್ಕಿದ ಪದ್ಯಗಳುದ್ದಕ್ಕೂ ತನಗೇ ಮಂಕು ಎಂಬ ಬಿರುದು ಕೊಟ್ಟುಕೊಂಡು, ಅದರಿಂದಲೇ ಮೂರು ತಲೆಮಾರಿಗೆ ಧೈರ್ಯ ತುಂಬಿದ ಕೃತಿ ಅದು. ತಮ್ಮ ಪ್ರೇರಣಾ ಶಿಬಿರಕ್ಕೆ ಡಿ.ವಿ.ಜಿ.ಯವರು ಅರ್ಜಿ ಹಾಕಿದ್ದರೆ ಮೊದಲ ಸುತ್ತಿನಲ್ಲೇ ವಾಪಸ್ ಕಳಿಸುತ್ತಿದ್ದಿರಿ. ತಮಾಷೆಯೆಂದರೆ, 2019ರಲ್ಲಿ ವೇಲ್ಸಿನ ಬ್ಯಾಂಗರ್ ವಿಶ್ವವಿದ್ಯಾಲಯದವರು 10 ಕಿಲೋಮೀಟರ್ ಸೈಕಲ್ ಓಟದಲ್ಲಿ ಪರೀಕ್ಷಿಸಿ, ‘ನಾನು’ ಎಂದು ಹೇಳಿಕೊಂಡಾಗಿನದಕ್ಕಿಂತ ‘ನೀನು’ ಎಂದು ತನ್ನನ್ನು ಕರೆದುಕೊಂಡಾಗ ಜನ ಬೇಗ ಗುರಿ ಮುಟ್ಟುತ್ತಾರೆ ಎಂದು ಕಂಡುಕೊಂಡರು. ಡಿ.ವಿ.ಜಿ.ಯವರ ಬಸವನಗುಡಿಗೆ ಬಂದು ಕೇಳಿದ್ದರೆ ಸೈಕಲ್ಲಿನ ಖರ್ಚಾದರೂ ಉಳಿಯುತ್ತಿತ್ತು.

ಇಷ್ಟೆಲ್ಲ ಆಗಿಯೂ ನಾನು ತಮ್ಮೊಡನೆ ಹೇಗೋ ಸಂಸಾರ ಮಾಡಿಕೊಂಡಿರುತ್ತಿದ್ದೆ. ಆದರೆ ಈಚೆಗೆ ತಮಗೆ ಎ.ಸಿ. ಕೋಣೆ ಸಾಲದಾಗಿದೆ. ಗಲ್ಫ್ ರೋಡಿನ ಸಮುದ್ರ ದಂಡೆಯಲ್ಲಿ, ಸೈಂಟಿಫಿಕ್ ಸೆಂಟರಿನಿಂದ ಕುವೈತ್ ಟವರ್ಸ್ ಕಡೆಗೆ ಓಡಬೇಕು, ಅದೂ ಬೇಸಿಗೆಯಲ್ಲಿ, ಅಂತ ಹಟ. ‘ಬಿಸಿಲು ಅನ್ನುವುದು ಮನಸ್ಸಿನಲ್ಲಿದೆ’ ಎಂದಿರಿ. ಸ್ವಾಮೀ, ಬಿಸಿಲು ಮಿತ್ರಿಬಾದಲ್ಲಿದೆ. ಈ ದೇಶದ ವಾಯವ್ಯ ಮರುಭೂಮಿಯ ಆ ಹವಾಮಾನ ಕೇಂದ್ರದಲ್ಲಿ 2016ರ ಜುಲೈ 21ರಂದು ದಾಖಲಾದ 53.9 ಡಿಗ್ರಿ ಸೆಲ್ಸಿಯಸ್ ತಾಪಮಾನವನ್ನು ವಿಶ್ವ ಹವಾಮಾನ ಸಂಸ್ಥೆಯೇ ಪರಿಶೀಲಿಸಿ, 2019ರಲ್ಲಿ ಏಷ್ಯಾ ಖಂಡದ ದಾಖಲೆ ಎಂದು ಒಪ್ಪಿದೆ. ಒಣ ಗಾಳಿ ಬೀಸುವ ದಿನ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗಿ, ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ಆಗ್ನೇಯದಿಂದ ಕೌಸ್ ಗಾಳಿ ಬಂತೆಂದರೆ ತೇವಕ್ಕೆ ಬೆವರು ಆರುವುದೇ ಇಲ್ಲ. ಆರದ ಬೆವರಿನಿಂದ ಮೈ ತಣಿಯುವುದೂ ಇಲ್ಲ.

ತಮ್ಮ ಮೇಲಿನ ಮುಖ್ಯ ದೂರು ಇಲ್ಲಿಂದ ಶುರು. ಕೆನಡಾದ ಬ್ರಾಕ್ ವಿಶ್ವವಿದ್ಯಾಲಯದವರು 2017ರಲ್ಲಿ ಇದೇ ಸೈಕಲ್ ಪರೀಕ್ಷೆಯನ್ನು 35 ಡಿಗ್ರಿ ಸೆಕೆಯಲ್ಲಿ ಮಾಡಿದರು. ಸ್ವಗತದ ತರಬೇತಿ ಪಡೆದವರು ಮೊದಲು ಸುಮಾರು 8 ನಿಮಿಷ ತುಳಿಯುತ್ತಿದ್ದದ್ದು, ಬಳಿಕ 11 ನಿಮಿಷ ದಾಟಿತು. ತಾವು ಇಷ್ಟು ಓದಿ ಚಪ್ಪಾಳೆ ತಟ್ಟಿದಿರಿ. ಮುಂದಿನದನ್ನು ಓದಲಿಲ್ಲ: ನಿಲ್ಲಿಸುವ ಹೊತ್ತಿಗೆ ಅವರ ಮೈಯೊಳಗಿನ ಬಿಸಿಯೂ ಮೊದಲಿಗಿಂತ ಹೆಚ್ಚಾಗಿತ್ತು. ಪ್ರಯೋಗಾಲಯದಲ್ಲಿ ಅದರಿಂದ ತೊಂದರೆಯಿಲ್ಲ, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದವರು ಇರುತ್ತಾರೆ. ಗಲ್ಫ್ ರೋಡಿನಲ್ಲಿ ನನ್ನ ಪಕ್ಕ ಇರುವವರು ತಾವೊಬ್ಬರೇ. ಒಲೆಯ ಮೇಲಿನ ಕುಕ್ಕರು ಕೂಗುತ್ತಿರುವಾಗ ಸದ್ದು ಕಿರಿಕಿರಿ ಎಂದು ಸೀಟಿಯ ಮೇಲೆ ಬಟ್ಟೆ ಒತ್ತಿ ಹಿಡಿದವರ ಬುದ್ಧಿ ತಮ್ಮದು. ಮೈಯ ಬಿಸಿ 40 ಡಿಗ್ರಿ ದಾಟಿದರೆ ಮೊದಲು ಕೈಕೊಡುವುದು ಮಿದುಳು. ಆಗ ತಾವೂ ಬಡಬಡಿಸಲು ಶುರು ಮಾಡುತ್ತೀರಿ. ದುರಂತವೇನೆಂದರೆ ನಾನು ಅದನ್ನೂ ಪ್ರೇರಣೆ ಎಂದೇ ತಿಳಿಯುತ್ತೇನೆ.

ಧೈರ್ಯವೊಂದಿದ್ದರೆ ಸಾಕೆಂಬ ವಾದಕ್ಕೆ ದೋಹಾ ಉತ್ತರ ಕೊಟ್ಟಿದೆ. 2019ರ ವಿಶ್ವ ಅಥ್ಲೆಟಿಕ್ಸ್ ಕೂಟದ ಮಹಿಳಾ ಮ್ಯಾರಥಾನನ್ನು ಸೆಕೆಗೆ ಹೆದರಿ ನಡುರಾತ್ರಿಗೆ ಇಟ್ಟುಕೊಂಡರು. ಹೊರಟ 68 ಮಂದಿಯಲ್ಲಿ 28 ಮಂದಿ ದಾರಿಯಲ್ಲೇ ಬಿಟ್ಟರು. ಮನೋಬಲದಲ್ಲಿ ಅವರಾರೂ ನನಗಿಂತ ಕಡಿಮೆಯವರು ಎಂದು ತಾವು ಹೇಳಲಾರಿರಿ ಎಂದುಕೊಂಡಿದ್ದೇನೆ.

ರಜೆಯ ಮರುದಿನಗಳಲ್ಲಂತೂ ತಮ್ಮನ್ನು ಹಿಡಿಯುವವರಿಲ್ಲ. ಮಕ್ಕಳ ಶಾಲೆಗೆ ರಜೆ ಸಿಕ್ಕಾಗ ಊರಿಗೆ ಹೋಗಿ, ಉಡುಪಿಯ ಮಳೆಯಲ್ಲಿ ಪತ್ರೊಡೆ, ಹಲಸಿನ ಕಡುಬು ತಿಂದು ಆಗಸ್ಟಿನ ಕೊನೆಗೆ ಹಿಂದಿರುಗುವವರು ನಮ್ಮಲ್ಲಿ ಬಹಳ. ಬಂದ ಸಂಜೆಯೇ ‘ತಿಂದದ್ದನ್ನೆಲ್ಲ ಇವತ್ತೇ ಕರಗಿಸು’ ಎಂದು ತಾವು ಎಬ್ಬಿಸುತ್ತೀರಿ. ಮಳೆಯಲ್ಲಿ ತಣ್ಣಗಿದ್ದ ಮೈಗೆ ಈ ಸೆಕೆ ಮತ್ತೆ ಒಗ್ಗಲು ಒಂದೆರಡು ವಾರ ಬೇಕು. ಪತ್ರೊಡೆ ಅಷ್ಟು ದಿನ ಕಾಯಲಿ, ಅದಕ್ಕೇನೂ ಅವಸರವಿಲ್ಲ.

ಇನ್ನೊಂದು ಸಂಗತಿ. ನಮ್ಮ ಎದುರಿನ ಕಟ್ಟಡದ ಸಾರುವೆಯ ಮೇಲೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡುವವರಿದ್ದಾರೆ. ಅವರಿಗೆ ಒಳಗೊಬ್ಬ ಕ್ಯಾಪ್ಟನ್ ಬೇಕಿಲ್ಲ, ಕೆಳಗೆ ನಿಂತು ‘ಯಲ್ಲಾ, ಯಲ್ಲಾ’ ಎನ್ನುವ ಫೋರ್‌ಮನ್ ಇದ್ದಾನೆ. ತಮ್ಮ ಮಾತನ್ನೇ ಅವನ ಬಾಯಿಗೆ ಹಾಕಿ ಕೇಳಿ ನೋಡಿ: ನಿನ್ನಿಂದ ಆಗುತ್ತೆ, ಇನ್ನೊಂದೇ ನಿಮಿಷ. ಅದು ಪ್ರೇರಣೆ ಎಂದು ಯಾರಿಗಾದರೂ ಅನಿಸೀತೆ? ಅದಕ್ಕೇ ಕುವೈತ್ ಸರ್ಕಾರ ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಯಲು ಬಿಸಿಲಿನಲ್ಲಿ ಕೆಲಸ ಮಾಡಿಸಕೂಡದು ಎಂದು ನಿಷೇಧ ಹಾಕಿದೆ. ಹೊಟ್ಟೆಪಾಡಿಗೆ ಬಿಸಿಲಲ್ಲಿ ನಿಂತವನನ್ನು ನಿಲ್ಲಿಸಲು ಕಾಯಿದೆ ಬೇಕಾಯಿತು. ಹೊಟ್ಟೆ ಕರಗಿಸಲು ಬಿಸಿಲಿಗೆ ಹೋಗುವವನನ್ನು ತಡೆಯಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ.

ಆದ್ದರಿಂದ ತಮ್ಮ ಕೆಲಸದ ಕರಾರನ್ನು ತಿದ್ದುತ್ತಿದ್ದೇನೆ. ಎ.ಸಿ. ಕೋಣೆಯಲ್ಲಿ, ಉದಾಸೀನ ಹಿಡಿದು ಸೋಫಾಕ್ಕೆ ಅಂಟಿದಾಗ, ಕಾಲು ಬರೀ ನೆಪ ಹೇಳುತ್ತಿರುವಾಗ, ಎಷ್ಟು ಬೇಕಾದರೂ ಕೂಗಿ. ನವೆಂಬರಿನಿಂದ ಮಾರ್ಚಿನವರೆಗೆ ಗಲ್ಫ್ ರೋಡ್ ಕೂಡ ತಮ್ಮದೇ. ಬೇಸಿಗೆಯಲ್ಲಿ ಹೊರಗೆ ಕಾಲಿಟ್ಟ ಕ್ಷಣ ಕುರ್ಚಿ ಬಿಟ್ಟುಕೊಡಿ. ಅಲ್ಲಿಗೆ ‘ಸಾಕು ಮಾರಾಯ, ನೆರಳಿಗೆ ಬಾ’ ಎನ್ನುವ ಇನ್ನೊಬ್ಬರನ್ನು ನೇಮಿಸಿದ್ದೇನೆ. ಅವರೂ ನನ್ನೊಳಗೇ ಇದ್ದವರು. ತಮ್ಮ ಗಲಾಟೆಯಲ್ಲಿ ಇಷ್ಟು ವರ್ಷ ಅವರ ದನಿ ಕೇಳಿಸಿರಲಿಲ್ಲ.

ಈ ಪತ್ರ ಬಹಿರಂಗವಾದ್ದರಿಂದ ಕೊನೆಯ ಮಾತು ಓದುಗರಿಗೆ. ಬಿಸಿಲಲ್ಲಿ ಓಡುತ್ತಲೋ ದುಡಿಯುತ್ತಲೋ ಇರುವವರು ತಡವರಿಸಿದರೆ, ಅಸಂಬದ್ಧ ಮಾತಾಡಿದರೆ, ದಯವಿಟ್ಟು ಹುರಿದುಂಬಿಸಬೇಡಿ. ನೆರಳಿಗೆ ಎಳೆದು ತನ್ನಿ, ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಬೀಸಿ, ಆಂಬುಲೆನ್ಸಿಗೆ ಫೋನ್ ಮಾಡಿ. ಕುವೈತಿನ ತುರ್ತು ಸಂಖ್ಯೆ 112.

ಇಂತಿ ತಮ್ಮ,
ಸಾಲ್ಮಿಯಾದ ಏದುಸಿರಿನವ